ಭೇಟಿಗೆ ಮೊದಲು ಪೂರ್ತಿ ಫೋಟೊ

ಪ್ರಶ್ನೆ: ನನಗೆ 28 ವರ್ಷ, ತೂಕ 94 ಕೆ.ಜಿ. ಡೇಟಿಂಗ್ ಆ್ಯಪ್‌ನಲ್ಲಿ ಮುಖದ ಫೋಟೊ ಮಾತ್ರ ಹಾಕಿದ್ದೇನೆ. ಒಬ್ಬರು ಭೇಟಿಗೆ ಕರೆದಿದ್ದಾರೆ. ಹೋಗಲು ಭಯ.

ಉತ್ತರ: ಹೋಗುವ ಮೊದಲೇ ತಲೆಯಿಂದ ಪಾದದವರೆಗಿನ ಇತ್ತೀಚಿನ ಫೋಟೊ ಹಾಕಿಬಿಡಿ. ನೋಡಿದಾಗ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅಲ್ಲೇ ಕಡಿಮೆಯಾಗುತ್ತದೆ. ಸೆಲ್ಫಿ ಬೇಡ, ಅಷ್ಟು ಹತ್ತಿರದಿಂದ ತೆಗೆದರೆ ಕ್ಯಾಮೆರಾದ ಸಮೀಪವಿರುವ ಭಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗೆಳತಿಯ ಕೈಗೆ ಫೋನ್ ಕೊಟ್ಟು 8–10 ಅಡಿ ದೂರದಿಂದ, ಎದೆಯ ಎತ್ತರದಲ್ಲಿ ಹಿಡಿದು ತೆಗೆಸಿ. ಫಿಲ್ಟರ್ ಖಂಡಿತ ಬೇಡ. ಆಮೇಲೆ 10 ನಿಮಿಷ ವಿಡಿಯೊ ಕಾಲ್ ಮಾಡಿ.

ಜಾಗ ನೀವೇ ಆರಿಸಿ, ಕೈಯಿಲ್ಲದ ಕುರ್ಚಿಗಳಿರಲಿ. ಇಕ್ಕಟ್ಟಾಗಿ ಕೂತರೆ ಗಮನವೆಲ್ಲ ಮೈಮೇಲೇ ಇರುತ್ತದೆ. ಅವರು ‘ಸ್ವಲ್ಪ ಸಣ್ಣಗಾದರೆ ಚೆನ್ನ’ ಎಂದರೆ, ‘ಆ ಸಲಹೆ ಬೇಡ’ ಎಂದು ಒಮ್ಮೆ ಹೇಳಿ. ಮತ್ತೆ ಅದೇ ಮಾತೆತ್ತಿದರೆ ಎದ್ದು ಬನ್ನಿ.