ಮೈಸೂರಿನಲ್ಲಿ ಮನೆ ಸಾಮಾನು ಇರಿಸುವ ಸಣ್ಣ ಗೋದಾಮು ನಡೆಸುವವರು ಮರುಬಳಕೆಯನ್ನು ಎಲ್ಲಿಂದ ಆರಂಭಿಸಬೇಕು?

ರಟ್ಟಿನ ಪೆಟ್ಟಿಗೆಯಿಂದ. ಮನೆ ಬದಲಾಯಿಸುವವರು ಬಿಟ್ಟುಹೋಗುವುದರಲ್ಲಿ ಅದೇ ಹೆಚ್ಚು. ಗುಜರಿಗೆ ಹಾಕುವ ಮೊದಲು ಒಂದು ಮಾತು: ಕಾಗದವನ್ನು ಅರೆದು ಮತ್ತೆ ಕಾಗದ ಮಾಡಿದಂತೆಲ್ಲ ಅದರ ನಾರು ಗಿಡ್ಡವಾಗಿ ಬಲ ಕುಗ್ಗುತ್ತದೆ. ಆದ್ದರಿಂದ ಗಟ್ಟಿಯಾದ ಪೆಟ್ಟಿಗೆಯನ್ನು ಮಡಚಿಟ್ಟು ಮುಂದಿನ ಗ್ರಾಹಕರಿಗೆ ಕೊಡುವುದೇ ಮೇಲು. ಹರಿದದ್ದನ್ನು ಮಾತ್ರ, ಅಂಟುಪಟ್ಟಿ ಕಿತ್ತು, ಗುಜರಿಗೆ ಕಳುಹಿಸಿ. ನೆಲದ ಮೇಲೆ ನೇರವಾಗಿ ಪೇರಿಸಬೇಡಿ, ಮರದ ಹಲಗೆಯ ಮೇಲಿಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ, ಗೆದ್ದಲಂತೂ ಗ್ರಾಹಕರ ಬೀರುವಿನವರೆಗೂ ಹೋಗುತ್ತದೆ.

ಗುಳ್ಳೆ ಪ್ಲಾಸ್ಟಿಕ್ಕಿನ ಬದಲು ಹಳೆಯ ಸೀರೆ, ಕಂಬಳಿ, ಗೋಣಿಚೀಲ ಸಾಕು. ನಮ್ಮ ಹಿರಿಯರು ಕಂಚಿನ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿಯೇ ಊರೂರು ಸಾಗಿಸಿದರು.

ಹಾಳಾದ ಟ್ಯೂಬ್‌ಲೈಟನ್ನು ಒಣ ಕಸಕ್ಕೆ ಸೇರಿಸಬೇಡಿ, ಅದರೊಳಗೆ ಪಾದರಸವಿದೆ. ಬ್ಯಾಟರಿಯೊಂದಿಗೆ ಬೇರೆಯಾಗಿಟ್ಟು ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ.

ಎಲ್ಲರೂ ಮರೆಯುವುದು ಚಾವಣಿಯನ್ನು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. 200 ಚದರ ಮೀಟರಿನ ತಗಡಿನ ಚಾವಣಿಯ ಮೇಲೆ 1,60,000 ಲೀಟರ್ ಬೀಳುತ್ತದೆ ಎಂದಾಯಿತು. ಆವಿಯಾಗಿ, ಸೋರಿ ಐದರಲ್ಲೊಂದು ಪಾಲು ಹೋದರೂ ಉಳಿದದ್ದು ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಗಿ ಒದಗುತ್ತದೆ. ಅದೇ ಚಾವಣಿಯಲ್ಲಿ ನಾಲ್ಕಾರು ಪಾರದರ್ಶಕ ಹಾಳೆ ಕೂರಿಸಿದರೆ ಹಗಲಿನಲ್ಲಿ ದೀಪ ಹಚ್ಚಬೇಕಾಗಿಲ್ಲ.