ಸಂಪಾದಕರ ಉತ್ತರ: ಯಾರೂ ಬರೆಯದೆ ಬಿಟ್ಟ ಮೂಲೆ

ಮಾನ್ಯರೇ,

ಕೂಡಿ ನಕ್ಷೆ ಬಿಡಿಸುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ನೀವೂ ನಿಮ್ಮ ಬಡಾವಣೆಯ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ತಾವು ಬದುಕುವ ಜಾಗವನ್ನು ನೆನಪಿನಿಂದಲೇ ಒಂದು ದೊಡ್ಡ ಹಾಳೆಯ ಮೇಲೆ ಬಿಡಿಸಲು ಹೇಳಿದಿರೆಂದು ತಿಳಿದು ಸಂತೋಷವಾಯಿತು. ಅಳತೆಗಳೆಲ್ಲ ತಪ್ಪಿವೆ, ಒಂದು ಮರ ಶಾಲೆಗಿಂತ ದೊಡ್ಡದಾಗಿದೆ, ಪೂರ್ವದ ಮೂಲೆಯನ್ನು ಯಾರೂ ಮುಟ್ಟಿಲ್ಲ ಎಂದು ಬರೆದಿದ್ದೀರಿ. ಈ ಚಿತ್ರವನ್ನು ಸರಿಯಾದ ನಕ್ಷೆಗೆ ಹೊಂದಿಸಿ ತಿದ್ದಬಹುದೇ, ಅದರ ಅರ್ಥವನ್ನು ಹೇಳಬೇಕಾದವರು ಯಾರು, ಅದನ್ನು ಪ್ರದರ್ಶನಕ್ಕೆ ಇಡಬಹುದೇ ಎಂಬುದು ನಿಮ್ಮ ಪ್ರಶ್ನೆ.

ದಯವಿಟ್ಟು ತಿದ್ದಬೇಡಿ. ಅಳತೆಯ ನಕ್ಷೆ ಬೇಕಾದವರಿಗೆ ಅದು ಬೇರೆಡೆ ಸಿಗುತ್ತದೆ. ಆ ಮರ ಎಷ್ಟು ಜನರ ದಿನಚರಿಯನ್ನು ಹಿಡಿದುಕೊಂಡಿದೆ ಎಂಬುದು ನಿಮ್ಮ ಹಾಳೆಯಲ್ಲಿ ಮಾತ್ರ ಇದೆ. ನೆನಪಿನ ನಕ್ಷೆಗಳನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ಒಬ್ಬರಾದ ನಗರ ಯೋಜಕ ಕೆವಿನ್ ಲಿಂಚ್, ಬಾಸ್ಟನ್, ಜರ್ಸಿ ಸಿಟಿ ಮತ್ತು ಲಾಸ್ ಏಂಜಲೀಸ್ ನಿವಾಸಿಗಳಿಂದ ಅವರವರ ನಗರದ ಚಿತ್ರ ಬಿಡಿಸಿಸಿ, 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾರಿ, ಅಂಚು, ವಲಯ, ಕೂಡುತಾಣ, ಹೆಗ್ಗುರುತು ಎಂಬ ಐದು ಅಂಶಗಳನ್ನು ಗುರುತಿಸಿದರು. ಅದು ದೊಡ್ಡ ಕೆಲಸವೇ ಸರಿ. ಆದರೆ ಅವರು ಮಾತನಾಡಿಸಿದ್ದು ಬಾಸ್ಟನ್ನಿನಲ್ಲಿ ಸುಮಾರು 30, ಉಳಿದೆರಡು ನಗರಗಳಲ್ಲಿ ತಲಾ ಸುಮಾರು 15 ಜನರನ್ನು, ಅದೂ ಬಹುಮಟ್ಟಿಗೆ ಮಧ್ಯಮ ವರ್ಗದವರನ್ನು. ಅಲ್ಲದೆ ಪ್ರತಿಯೊಬ್ಬರೂ ಒಬ್ಬರೇ ಕುಳಿತು ಬಿಡಿಸಿದರು. ಅಲ್ಲಿ ದಾರಿ ಕಾಣುತ್ತದೆ. ಆ ದಾರಿಯಲ್ಲಿ ಕತ್ತಲಾದ ಮೇಲೆ ಯಾರು ನಡೆಯುವುದಿಲ್ಲ ಎಂಬುದು ಕಾಣುವುದಿಲ್ಲ. ಒಬ್ಬರು ಗೆರೆ ಎಳೆದಾಗ ಪಕ್ಕದವರು ‘ಅದು ಅಲ್ಲಿಲ್ಲ’ ಎನ್ನಬೇಕು, ಮೂರನೆಯವರು ‘ಮೊದಲು ಅಲ್ಲೇ ಇತ್ತು’ ಎನ್ನಬೇಕು. ಜಾಗದ ಅಡಗಿದ ಅರ್ಥ ಹೊರಬರುವುದು ಆ ವಾದದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಇದರಿಂದ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಚಿತ್ರ ಬಿಡಿಸಿದವರೇ ಅದರ ಅರ್ಥವನ್ನು ಹೇಳಬೇಕು. ನಿಮ್ಮ ಕೆಲಸ ಕೇಳುವುದು, ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡುವುದು. ಪೆನ್ನು ಯಾರ ಕೈಯಲ್ಲಿ ಹೆಚ್ಚು ಹೊತ್ತು ಇತ್ತು ಎಂಬುದನ್ನು ಮಾತ್ರ ನೀವು ಬರೆದಿಲ್ಲ. ಅಕ್ಷರ ಬಲ್ಲವರು, ಮಾತಿನಲ್ಲಿ ಚುರುಕಾದವರು ತಾವಾಗಿಯೇ ಹಾಳೆಯ ಒಡೆಯರಾಗಿಬಿಡುತ್ತಾರೆ. ಹಳ್ಳಿಯ ಜನರೇ ತಮ್ಮ ಊರಿನ ಸ್ಥಿತಿಗತಿಯನ್ನು ಗುರುತಿಸಿ ವಿವರಿಸುವ ‘ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆ’ಯ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರಾದ ರಾಬರ್ಟ್ ಚೇಂಬರ್ಸ್ ‘ಕೋಲನ್ನು ಅವರ ಕೈಗೆ ಕೊಡಿ’, ಅಂದರೆ ಗೆರೆ ಎಳೆಯುವ ಕೋಲನ್ನು ಜನರಿಗೇ ಬಿಟ್ಟುಕೊಡಿ, ಎಂಬ ಮಾತನ್ನು ಮತ್ತೆ ಮತ್ತೆ ಒತ್ತಿ ಹೇಳಿದ್ದು ಈ ಕಾರಣಕ್ಕೇ. ಮುಂದಿನ ಸಲ ಹಾಳೆಯನ್ನು ಬಿಟ್ಟು ನೆಲವನ್ನೇ ಬಳಸಿ ನೋಡಿ. ಕೋಲು, ಕಲ್ಲು, ಬೀಜ, ಎಲೆಗಳಿಂದ ನೆಲದ ಮೇಲೆ ಮೂಡುವ ನಕ್ಷೆಯನ್ನು ಸುತ್ತ ನಿಂತವರೆಲ್ಲ ಒಟ್ಟಿಗೆ ನೋಡಬಹುದು, ಯಾರು ಬೇಕಾದರೂ ಒಂದು ಕಲ್ಲನ್ನು ಸರಿಸಬಹುದು, ತಪ್ಪೆನಿಸಿದರೆ ಅಳಿಸಬಹುದು. ಕೊನೆಗೆ ಅದನ್ನು ಕಾಗದಕ್ಕೆ ಇಳಿಸಿಕೊಂಡರಾಯಿತು. ಹಿರಿಯರಿಗೂ ಮಕ್ಕಳಿಗೂ ಮೊದಲು ಬೇರೆ ಬೇರೆ ನಕ್ಷೆ ಮಾಡಲು ಬಿಟ್ಟು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಹಿರಿಯರೆದುರು ಮಕ್ಕಳು ಬಿಡಿಸಲು ಹಿಂಜರಿಯುವ ಅಡ್ಡದಾರಿಗಳು, ಬಚ್ಚಿಟ್ಟುಕೊಳ್ಳುವ ತಾಣಗಳು, ಹೆದರಿಸುವ ತಿರುವುಗಳು ಆಗ ಕಾಣಿಸುತ್ತವೆ.

ಆ ಖಾಲಿ ಮೂಲೆಯ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ಕೆನಡಾದ ಉತ್ತರದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಬೇಟೆಗಾರರು ತಾವು ಜೀವಮಾನದಲ್ಲಿ ಬೇಟೆಯಾಡಿದ, ತಿರುಗಾಡಿದ ಜಾಗಗಳನ್ನು ನಕ್ಷೆಗಳ ಮೇಲೆ ಗುರುತಿಸಿದಾಗ, ಹೊರಗಿನವರು ಬರಿದೆಂದುಕೊಂಡಿದ್ದ ನೆಲ ಗೆರೆಗಳಿಂದ ತುಂಬಿಹೋಯಿತು. 1976ರಲ್ಲಿ ಪ್ರಕಟವಾದ ಆ ದಾಖಲೆ ಅವರ ಭೂಹಕ್ಕಿನ ಮಾತುಕತೆಗೆ ಆಧಾರವಾಯಿತು. 1999ರಲ್ಲಿ ಅವರ ನೆಲವಾದ ನುನಾವುಟ್ ಕೆನಡಾದೊಳಗೇ ಪ್ರತ್ಯೇಕ ಆಡಳಿತ ಪ್ರದೇಶವಾಯಿತು. ಅಲ್ಲಿ ಜನ ಖಾಲಿಯನ್ನು ತುಂಬಿದರು, ನಿಮ್ಮಲ್ಲಿ ಜನರೇ ಖಾಲಿ ಬಿಟ್ಟಿದ್ದಾರೆ. ಅಲ್ಲಿಗೆ ಯಾರೂ ಹೋಗದಿರಬಹುದು, ಹೋಗಲು ಬಿಡದಿರಬಹುದು, ಹಳೆಯ ನೋವೊಂದು ಇರಬಹುದು. ಅಥವಾ ಅದು ಅವರಿಗೆ ತುಂಬ ಬೇಕಾದ ಜಾಗವಾಗಿದ್ದು, ನಕ್ಷೆಗೆ ಬಂದರೆ ಕೈತಪ್ಪೀತೆಂಬ ಭಯವೂ ಇರಬಹುದು. ಈ ಭಯಕ್ಕೆ ಕಾರಣವಿದೆ: ಗುರುತಿಸಿದ ಜಾಗ ಅಪರಿಚಿತರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಆ ಮೂಲೆಯ ಬಗ್ಗೆ ಗುಂಪಿನಲ್ಲಿ ಒತ್ತಾಯಿಸಿ ಕೇಳಬೇಡಿ. ಒಮ್ಮೆ ಮೃದುವಾಗಿ ವಿಚಾರಿಸಿ; ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ.

ಪ್ರದರ್ಶನಕ್ಕೆ ಇಡಬಹುದು, ಆದರೆ ಕೈಜೋಡಿಸಿದ ಪ್ರತಿಯೊಬ್ಬರೂ ಒಪ್ಪಿದ ಮೇಲೆ. ಮೂಲ ಹಾಳೆ ಅವರ ಬಳಿಯೇ ಇರಲಿ, ನೀವು ಅದರ ಒಂದು ನಕಲನ್ನು ಮಾಡಿಕೊಳ್ಳಿ. ಅದನ್ನು ಗೋಡೆಗೆ ಹಾಕುವ ಮುನ್ನ ಅವರನ್ನು ಮತ್ತೊಮ್ಮೆ ಸೇರಿಸಿ, ಯಾವುದನ್ನು ಅಳಿಸಬೇಕು, ಯಾವುದನ್ನು ಸೇರಿಸಬೇಕು ಎಂದು ಕೇಳಿ. ಆಗಲೂ ಪೂರ್ವದ ಮೂಲೆ ಖಾಲಿಯೇ ಇರಲಿ ಎಂದು ಅವರು ಬಯಸಿದರೆ, ಹಾಗೆಯೇ ತೂಗುಹಾಕಿ.

— ಸಂಪಾದಕರು