ವಿಕಲಚೇತನರ ಸಂಖ್ಯೆ ಊರಿಂದೂರಿಗೆ ಬದಲಾಗುವುದೇಕೆ?

ಪ್ರಶ್ನೆ: 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ ಎಂದು ಓದಿದ್ದೇನೆ. ಇವರು ರಾಜ್ಯದ ಎಲ್ಲೆಡೆ ಒಂದೇ ಪ್ರಮಾಣದಲ್ಲಿದ್ದಾರೆಯೇ? ಕೆಲವು ಕಡೆ ಹೆಚ್ಚು ಕಾಣುವುದಕ್ಕೆ ಅಲ್ಲಿನ ನೀರು ಕಾರಣವೇ?
– ಓದುಗರೊಬ್ಬರು, ಪಾವಗಡ

ಉತ್ತರ: ಒಂದೇ ಪ್ರಮಾಣದಲ್ಲಿಲ್ಲ. ಆ ಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 2.17, ದೇಶದಲ್ಲಿ ಶೇ 2.21, ಈ ಸರಾಸರಿಯೊಳಗೆ ಊರೂರಿನ ವ್ಯತ್ಯಾಸಗಳು ಮುಚ್ಚಿಹೋಗಿವೆ.

ನೀರಿನ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ನಿಮ್ಮ ತಾಲ್ಲೂಕಿನಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಬಂಡೆಯ ಫ್ಲೋರೈಡ್ ಕರಗಿದ ನೀರೇ ಜನರ ಪಾಲಿಗೆ ಬಂದಿತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿನಿಂದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಕೀಲುಗಳು ಬಿಗಿದು ನಡೆಯುವುದೇ ಕಷ್ಟವಾಗುತ್ತದೆ. ಆದರೆ ಎಲ್ಲ ಕಡೆಯೂ ಕಾರಣ ನೀರಲ್ಲ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟದ ಕೀಲನ್ನು ಸವೆಸುವ ಆನುವಂಶಿಕ ತೊಂದರೆ. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತ ಮತ್ತು ಗಡಿಯಾಚೆಯ ಕಾಸರಗೋಡಿನಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರಿಗೆ ಎರಡೂ ರಾಜ್ಯಗಳು ಪರಿಹಾರ ಕೊಡಬೇಕಾಯಿತು.

ಇಷ್ಟಾದರೂ ಅಂಕಿ ಹೆಚ್ಚಿದ ಕಡೆಯೆಲ್ಲ ಕಾಯಿಲೆ ಹುಡುಕುವುದು ಸರಿಯಲ್ಲ, ಏಕೆಂದರೆ ಕೇಳುವ ಪ್ರಶ್ನೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ದೇಶದಲ್ಲಿ ದೃಷ್ಟಿದೋಷವುಳ್ಳವರು 2001ರ ಗಣತಿಯಲ್ಲಿ ಸುಮಾರು 1.06 ಕೋಟಿ ಇದ್ದರೆ 2011ರಲ್ಲಿ 50 ಲಕ್ಷಕ್ಕಿಳಿದರು, ಶ್ರವಣದೋಷವುಳ್ಳವರು 12.6 ಲಕ್ಷದಿಂದ 50.7 ಲಕ್ಷಕ್ಕೇರಿದರು. ಹತ್ತು ವರ್ಷದಲ್ಲಿ ಅಷ್ಟು ಜನರಿಗೆ ಕಣ್ಣು ಬಂದು, ಇಷ್ಟು ಜನರ ಕಿವಿ ಹೋಯಿತೆಂದು ಯಾರೂ ನಂಬಲಾರರು. ಒಂದೇ ಕಣ್ಣು ಕಾಣುವವರನ್ನು ಎರಡನೆಯ ಸಲ ಕೈಬಿಡಲಾಯಿತು, ಶ್ರವಣ ಸಾಧನ ಬಳಸುವವರನ್ನು ಸೇರಿಸಿಕೊಳ್ಳಲಾಯಿತು. 2016ರ ಕಾಯ್ದೆಯಂತೂ 1995ರ ಕಾಯ್ದೆಯ ಏಳು ವಿಧದ ಅಂಗವೈಕಲ್ಯಗಳನ್ನು 21ಕ್ಕೆ ಏರಿಸಿದೆ.

ವಲಸೆಯನ್ನೂ ಮರೆಯಬಾರದು. ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಹೋದ ಹಳ್ಳಿಯಲ್ಲಿ ಉಳಿದವರು ಹೆಚ್ಚಾಗಿ ವೃದ್ಧರು, ಅಶಕ್ತರು. ಅಲ್ಲಿ ಹೊಸಬರಾರೂ ವಿಕಲಚೇತನರಾಗದಿದ್ದರೂ ಶೇಕಡಾವಾರು ಏರುತ್ತದೆ.

ನಿಮ್ಮ ಊರಿನ ಸ್ಥಿತಿ ತಿಳಿಯಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಅವರು ಗುರುತಿನ ಚೀಟಿ ಪಡೆದವರ ಲೆಕ್ಕವನ್ನಷ್ಟೇ ಕೊಟ್ಟರೆ, ಚೀಟಿ ಇಲ್ಲದವರ ಬಗ್ಗೆಯೂ ಕೇಳಿ: ವೈದ್ಯಕೀಯ ತಪಾಸಣೆಗೆ ದೂರ ಹೋಗಬೇಕಾದ ಹಳ್ಳಿಗಳಲ್ಲಿ, ನಡೆಯಲಾರದವರ ಹೆಸರೇ ಪಟ್ಟಿಯಿಂದ ತಪ್ಪಿಹೋಗುವ ಸಾಧ್ಯತೆ ಹೆಚ್ಚು.